ಬೀದಿ ಫೋಟೋಗ್ರಫಿಯ ಮೊದಲ ಲೆನ್ಸ್: 50 ಯಾಕೆ ಬೇಡ

ಬೀದಿ ಫೋಟೋಗ್ರಫಿಗೆ ಹೊಸದಾಗಿ ಇಳಿದವರಿಗೆ ಸಿಗುವ ಮೊದಲ ಸಲಹೆ, ‘50 ಮಿ.ಮೀ. ಎಫ್/1.8 ತಗೊಳ್ಳಿ, ಅಗ್ಗ, ಚಿತ್ರವೂ ಶಾರ್ಪ್’. ಎರಡೂ ನಿಜ. (50 ಮಿ.ಮೀ. ಎಂಬುದು ಫೋಕಲ್ ಲೆಂಗ್ತ್, ಅದು ಹೆಚ್ಚಿದಷ್ಟೂ ನೋಟ ಕಿರಿದು. ಎಫ್ ಸಂಖ್ಯೆ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರದ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು.) ಆದರೆ ಆ ಸಲಹೆ ಫಿಲ್ಮ್ ಮತ್ತು ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾಗಳಿಗೆ ಒಪ್ಪುವ ಮಾತು. ಕಲಿಯುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್. ಅದರಲ್ಲಿ ಲೆನ್ಸಿನ ನೋಟ ತಿಳಿಯಲು ಫೋಕಲ್ ಲೆಂಗ್ತನ್ನು ನಿಕಾನ್, ಸೋನಿ, ಫ್ಯೂಜಿಯಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. 50 ಹೋಗಿ 75 ಅಥವಾ 80 ಆಗುತ್ತದೆ. ಮುಖ ತೆಗೆಯಲು ಚೆಂದ, ಬೀದಿಗೆ ಇಕ್ಕಟ್ಟು.

ಎಷ್ಟು ಇಕ್ಕಟ್ಟು ಎಂದರೆ, ಕ್ಯಾಮೆರಾ ಅಡ್ಡ ಹಿಡಿದು, ತಲೆಯ ಮೇಲೆ ಪಾದದ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಒಬ್ಬರನ್ನು ಪೂರ್ತಿ ಫ್ರೇಮಿಗೆ ತರಲು 50ರಲ್ಲಿ ಆರು ಮೀಟರಿಗೂ ಹೆಚ್ಚು ದೂರ ಬೇಕು. ಕಿರಿದಾದ ಬೀದಿಯಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಇದ್ದರೂ ನಡುವೆ ಯಾರಾದರೂ ಅಡ್ಡ ಬರುತ್ತಾರೆ. 35ರಲ್ಲಿ ನಾಲ್ಕೂವರೆ ಮೀಟರ್, 24ರಲ್ಲಿ ಮೂರು ಮೀಟರ್ ಸಾಕು. ಆದ್ದರಿಂದ ಎಪಿಎಸ್-ಸಿಗೆ 24ರಿಂದ 35ರ ಒಳಗಿನದನ್ನೇ ಆರಿಸಿ. ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರಿಗೆ ಇಎಫ್-ಎಸ್ 24 ಮಿ.ಮೀ. ಎಫ್/2.8: ತೂಕ 125 ಗ್ರಾಂ, ಬಾಡಿಯಿಂದ ಹೊರಗೆ ಚಾಚುವುದು ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ಯಾರ ಗಮನವನ್ನೂ ಸೆಳೆಯುವುದಿಲ್ಲ. ನಿಕಾನ್ ಡಿಎಸ್‌ಎಲ್‌ಆರ್‌ಗೆ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ, ಫ್ಯೂಜಿಗೆ ಎಕ್ಸ್‌ಸಿ 35 ಮಿ.ಮೀ. ಎಫ್/2. ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ ಆದರೆ ಗುಣಕ 2, ಹಾಗಾಗಿ 17ರಿಂದ 25.

24ರ ಪಕ್ಕಕ್ಕೆ ನಾನು ವಾಲಲು ಇನ್ನೊಂದು ಕಾರಣವಿದೆ. ಬೀದಿಯಲ್ಲಿ ಆಟೋಫೋಕಸ್ ಕಾಯುತ್ತಾ ನಿಂತರೆ ಕ್ಷಣ ಜಾರಿಹೋಗುತ್ತದೆ. ಫೋಕಸ್ ಮೊದಲೇ ಕಟ್ಟಿಟ್ಟುಕೊಳ್ಳುವುದು ಮೇಲು. 24ರಲ್ಲಿ ಎಫ್/8 ಇಟ್ಟು ಎರಡೂವರೆ ಮೀಟರಿಗೆ ಫೋಕಸ್ ಮಾಡಿದರೆ ಸುಮಾರು ಒಂದೂವರೆ ಮೀಟರಿನಿಂದ ಏಳು ಮೀಟರ್‌ವರೆಗೆ ಎಲ್ಲವೂ ಸ್ಪಷ್ಟ. ಇದನ್ನೇ 50ರಲ್ಲಿ ಮಾಡಿದರೆ ಸಿಗುವುದು 2.2ರಿಂದ 3 ಮೀಟರ್ ಮಾತ್ರ, ಒಂದು ಹೆಜ್ಜೆಯಷ್ಟು ಪಟ್ಟಿ. ಹೊಸ ಅಗ್ಗದ ಲೆನ್ಸ್‌ಗಳ ಮೇಲೆ ದೂರದ ಗುರುತುಗಳು ಇರುವುದಿಲ್ಲ. ಎರಡೂವರೆ ಮೀಟರ್ ದೂರದ ಕಂಬಕ್ಕೋ ಗೋಡೆಗೋ ಆಟೋಫೋಕಸ್ ಮಾಡಿ, ನಂತರ ಎಂಎಫ್‌ಗೆ (ಮ್ಯಾನುವಲ್ ಫೋಕಸ್) ಬದಲಿಸಿ. ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದಾಗ ಕೆಲವು ಲೆನ್ಸ್‌ಗಳಲ್ಲಿ ಈ ಫೋಕಸ್ ಕದಲುತ್ತದೆ, ಮತ್ತೆ ನೋಡಿಕೊಳ್ಳಿ. ನಡೆಯುವವರನ್ನು ಹಿಡಿಯಲು ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ, ಓಡುವವರಿಗೆ 1/500.

ರಾತ್ರಿ ಚಿತ್ರಗಳೇ ಮುಖ್ಯವಾದರೆ ಮಾತ್ರ ಎಫ್/1.8ರ 35 ನಿಜವಾಗಿ ಕೆಲಸಕ್ಕೆ ಬರುತ್ತದೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಎಫ್/4.5ರಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ, ಹೆಚ್ಚಿದಷ್ಟೂ ಚಿತ್ರದಲ್ಲಿ ಕಾಳು ಕಾಳು) 6400 ಕೇಳುವ ಕಡೆ, ಅದೇ ಶಟರ್‌ಗೆ ಇದಕ್ಕೆ 1000 ಸಾಕು.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. 18-55 ಕಿಟ್ ಲೆನ್ಸಿನ ಝೂಮ್ ರಿಂಗನ್ನು 24ಕ್ಕೆ ತಿರುಗಿಸಿ, ಟೇಪ್ ಅಂಟಿಸಿ, ಒಂದು ವಾರ ಹಾಗೇ ತೆಗೆಯಿರಿ. ಮುಂದಿನ ವಾರ 35. ಯಾವುದರಲ್ಲಿ ಹೆಚ್ಚು ಕ್ರಾಪ್ ಮಾಡಬೇಕಾಯಿತು, ಯಾವುದರಲ್ಲಿ ಕೈಕಾಲು ಕತ್ತರಿಸಿಹೋಯಿತು ಎಂಬುದನ್ನು ಕಂಪ್ಯೂಟರಿನಲ್ಲಿ ನೋಡಿದರೆ ಉತ್ತರ ಸಿಗುತ್ತದೆ.

ನಿಕಾನ್ ಡಿ3000, ಡಿ5000 ಸರಣಿಯವರು ಎಚ್ಚರ. ಆ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಸ್ವಂತ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಅಗ್ಗವಾಗಿ ಸಿಕ್ಕಿತೆಂದು ತಂದರೆ ಆಟೋಫೋಕಸ್ ಆಗುವುದಿಲ್ಲ. ಹೆಸರಿನಲ್ಲಿ ಎಎಫ್-ಎಸ್ ಇರುವುದನ್ನೇ ಕೇಳಿ.

ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಒಯ್ಯಿರಿ. ಲೆನ್ಸನ್ನು ಹಿಂಬದಿಯಿಂದ ಬೆಳಗಿಸಿ ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳಿದ್ದರೆ ಅದು ಫಂಗಸ್, ಗಾಜಿನ ಕೋಟಿಂಗನ್ನೇ ತಿನ್ನುತ್ತದೆ, ಬಿಟ್ಟುಬಿಡಿ. ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಮಿನುಗಿದರೂ ಬೇಡ. ಬ್ಲೇಡು ತಡವಾಗಿ ಮುಚ್ಚಿ ಚಿತ್ರ ಬೆಳ್ಳಗಾಗುತ್ತದೆ. ಕೊನೆಗೆ ಇಟ್ಟಿಗೆ ಗೋಡೆಯೊಂದಕ್ಕೆ ನೇರವಾಗಿ ನಿಂತು ಅಪರ್ಚರ್ ಪೂರ್ತಿ ತೆರೆದು ತೆಗೆದು, ನಾಲ್ಕು ಮೂಲೆಗಳನ್ನೂ ಹಿಗ್ಗಿಸಿ ನೋಡಿ. ನಾಲ್ಕೂ ಒಂದೇ ಸಮ ಮೃದುವಾಗಿದ್ದರೆ ಅಗ್ಗದ ಲೆನ್ಸಿಗೆ ಅದು ಸಹಜ. ಒಂದೇ ಮೂಲೆ ಕಲಸಿಹೋಗಿದ್ದರೆ ಒಳಗಿನ ಗಾಜು ಸರಿದಿದೆ, ಬಹುಶಃ ಲೆನ್ಸ್ ಎಲ್ಲೋ ಬಿದ್ದಿದೆ. ಅಂಥದ್ದನ್ನು ರಿಪೇರಿ ಮಾಡಿಸುವ ಖರ್ಚಿನಲ್ಲಿ ಇನ್ನೊಂದು ಲೆನ್ಸೇ ಬರಬಹುದು.