ಸೂಟಿಯ ಸೇವಾ ಪ್ರಾಜೆಕ್ಟ್: ಕಸ ಹೊಡೆದು ಫೋಟೋ ಕೊಟ್ಟರೆ ನಡೆಯುತ್ತದೆಯೇ?

ಪ್ರಶ್ನೆ: ಮಗಳು ಎಂಟನೇ ಇಯತ್ತೆ. ದಸರಾ ಸೂಟಿ ಮುಗಿಸಿ ಬರುವಾಗ ಒಂದು ಸೇವಾ ಪ್ರಾಜೆಕ್ಟ್ ಮಾಡಿಕೊಂಡು ಬರ್ರಿ ಅಂತ ಸಾಲ್ಯಾಗ ಹೇಳ್ಯಾರ. ಗುಡಿ ಮುಂದ ಒಂದಿನ ಕಸ ಹೊಡದು ಫೋಟೋ ಕೊಟ್ಟರ ನಡೀತದೇನ್ರಿ?
— ವಿಜಯಪುರದ ಒಬ್ಬ ತಾಯಿ

ಉತ್ತರ: ಫೈಲಿಗೆ ನಡೆದೀತು, ಕಲಿಕೆಗೆ ನಡೆಯಲಿಕ್ಕಿಲ್ಲ. ಆ ಕಸ ಎಲ್ಲಿಂದ ಬಂತು, ಮರುದಿನ ಮತ್ತೆ ಯಾಕೆ ಬಿತ್ತು ಎಂದು ಮಗಳು ಕೇಳದಿದ್ದರೆ ಅದು ಶ್ರಮದಾನ ಅಷ್ಟೇ. ಸೇವಾ ಕಲಿಕೆಯಲ್ಲಿ ಯಾರಿಗೋ ನಿಜವಾಗಿ ಬೇಕಾದ ಕೆಲಸ ಇರಬೇಕು, ಅದಕ್ಕೆ ಪುಸ್ತಕದ ಪಾಠ ಬಳಕೆಗೆ ಬರಬೇಕು, ಕಡೆಗೆ ಏನು ತಿಳಿಯಿತು ಎಂದು ಬರೆಯಬೇಕು. ಇದೇನೂ ಹೊಸ ಫ್ಯಾಶನ್ ಅಲ್ಲ. ಕೆಲಸದ ಮೂಲಕವೇ ಪಾಠ ಎಂದು ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಹೇಳಿದ್ದರು.

ಕೆಲಸ ಹುಡುಕಲು ದಸರೆಗಿಂತ ಒಳ್ಳೆಯ ಹೊತ್ತು ಇಲ್ಲ. ವಿಜಯದಶಮಿಯ ಸಂಜೆ ಬನ್ನಿ ಕೊಡಲು ಮಕ್ಕಳು ಹೇಗೂ ಓಣಿಯ ಮನೆಮನೆಗೆ ಹೋಗುತ್ತಾರೆ. ಹಿರಿಯರ ಕಾಲು ಮುಟ್ಟಿ, ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂದ ಮೇಲೆ ಇನ್ನೊಂದು ಮಾತು ಕೇಳಲಿ: ‘ಆಯಿ, ನಿಮ್ಮ ಮನ್ಯಾಗ ಯಾವ ಕೆಲಸ ಹಂಗs ಉಳದೈತ್ರಿ?’ ಗುಳಿಗೆಯ ಮೇಲಿನ ಅಕ್ಷರ ಕಾಣಿಸುವುದಿಲ್ಲ ಅನ್ನಬಹುದು, ಪಿಂಚಣಿ ಜಮಾ ಆಯಿತೋ ಇಲ್ಲವೋ ನೋಡಿ ಹೇಳುವವರಿಲ್ಲ ಅನ್ನಬಹುದು. ಹಿತ್ತಲ ನಳ ಸೋರುತ್ತದೆ ಎನ್ನುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ನನ್ನನ್ನು ಕೇಳಿದರೆ ನಳವನ್ನೇ ಹಿಡಿಯಿರಿ. ಸೋರುವ ನಳದ ಕೆಳಗೆ 10 ನಿಮಿಷ ಬಟ್ಟಲು ಇಡಲಿ. ಬಿದ್ದ ನೀರನ್ನು ಅಳೆಯಲು ಕೆಮ್ಮಿನ ಔಷಧದ ಜೊತೆ ಬರುವ, ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಸಾಕು. 50 ಮಿಲಿಲೀಟರ್ ಸಿಕ್ಕಿತು ಅನ್ನೋಣ. ದಿನಕ್ಕೆ 1,440 ನಿಮಿಷ, ಅಂದರೆ 144 ಪಟ್ಟು: 7.2 ಲೀಟರ್. ತಿಂಗಳಿಗೆ 216 ಲೀಟರ್. 15 ಲೀಟರಿನ ಕೊಡವಾದರೆ 14 ಕೊಡ ತುಂಬಿಯೂ ಮಿಗುತ್ತದೆ. ಗಣಿತದ ಅನುಪಾತ ಇಲ್ಲಿ ತಾನಾಗಿ ಬಂತು. ತಿರುಗಿಸುವ ಹಳೆಯ ನಳವಾದರೆ ಹೆಚ್ಚಾಗಿ ಒಳಗಿನ ರಬ್ಬರ್ ವಾಶರ್ ಸವೆದಿರುತ್ತದೆ. ದೊಡ್ಡವರು ಯಾರಾದರೂ ಮೇಲಿನ ವಾಲ್ವ್ ಬಂದ್ ಮಾಡಿ ಹೊಸದು ಹಾಕಲಿ, ಮಗಳು ಪಕ್ಕದಲ್ಲಿದ್ದು ಬಿಚ್ಚಿದ ಕ್ರಮವನ್ನು ಚಿತ್ರ ಬರೆದುಕೊಳ್ಳಲಿ. ರಿಪೇರಿ ಆದ ಮೇಲೆ ಮತ್ತೆ 10 ನಿಮಿಷ ಬಟ್ಟಲು ಇಡುವುದನ್ನು ಮರೆಯಬಾರದು. ಎಷ್ಟೋ ಮಕ್ಕಳು ಈ ಎರಡನೇ ಅಳತೆಯನ್ನೇ ಬಿಟ್ಟುಬಿಡುತ್ತಾರೆ. ಅದಿಲ್ಲದೆ ಕೆಲಸ ಫಲಿಸಿತೋ ಇಲ್ಲವೋ ಹೇಳುವುದು ಹೇಗೆ?

ವಿಜ್ಞಾನವೂ ಇತಿಹಾಸವೂ ನಿಮ್ಮ ಊರಿನಲ್ಲಿ ಒಂದೇ ಕಡೆ ಸಿಗುತ್ತವೆ. ಮೊಹಮ್ಮದ್ ಆದಿಲ್ ಶಾಹನ ಕಾಲದ ಕೆರೆಯಾದ ಬೇಗಂ ತಾಲಾಬ್‌ನಿಂದ ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ಒತ್ತಡ ಹೆಚ್ಚಾಗಿ ಕೊಳವೆ ಒಡೆಯದಿರಲಿ ಎಂದು ನಡುನಡುವೆ ಗಂಜ್ ಎಂಬ ಗೋಪುರ ಕಟ್ಟಿದ್ದರು. ಕೆಲವು ಇವತ್ತಿಗೂ ನಿಂತಿವೆ. ಆಯಿಯ ಮನೆಯ ಟಾಕಿ ತುಂಬಿದ್ದಾಗ ನಳ ಜೋರಾಗಿ, ಖಾಲಿಯಾಗುತ್ತಾ ಬಂದಾಗ ಮೆಲ್ಲಗೆ ಸೋರುವುದು ಅದೇ ಒತ್ತಡದಿಂದ. ಗಂಜ್ ತೋರಿಸಿಕೊಂಡು ಬಂದರೆ ಪಾಠ ಅರ್ಧ ಮುಗಿದ ಹಾಗೆ.

ಊರಿನ ಹಳೆಯ ದೊಡ್ಡ ಬಾವಿ ತಾಜ್ ಬಾವಡಿ ಸ್ವಚ್ಛ ಮಾಡುತ್ತೇವೆ ಎಂದು ಹುಡುಗರು ಹುರುಪಿನಲ್ಲಿ ಹೊರಟರೆ ತಡೆಯಿರಿ. ನೀರಿನ ಬಳಿ ಮಕ್ಕಳನ್ನು ಇಳಿಸುವುದು ಬೇಡ. ಗೋಳಗುಮ್ಮಟದಂಥ ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಕೈ ಹಾಕುವಂತೆಯೂ ಇಲ್ಲ.

ವರದಿ ಎರಡು ಪುಟ ಸಾಕು: ಎರಡು ಅಳತೆ, ಲೆಕ್ಕ, ನಳದ ಚಿತ್ರ, ಗೊತ್ತಾಗದೆ ಉಳಿದ ಒಂದು ಪ್ರಶ್ನೆ. ಮಗಳೇ ಬರೆಯಲಿ, ನೀವು ಅಕ್ಷರ ತಿದ್ದಲೂ ಹೋಗಬೇಡಿ. ಸಾಲಿಗೆ ಕೊಡುವ ಮೊದಲು ಆಯಿಗೆ ಒಮ್ಮೆ ಓದಿ ಹೇಳಲಿ. ಹೆಸರು ಹಾಕಬೇಕೋ ಬೇಡವೋ ಅವರನ್ನೇ ಕೇಳಬೇಕು.