ಒಳಚರಂಡಿಯ ತಪಾಸಣೆ ಮತ್ತು ಎಲ್ಲರಿಗೂ ದಕ್ಕುವ ದೃಶ್ಯ ದಾಖಲೆ: ಒಂದು ಅಧ್ಯಯನ ಟಿಪ್ಪಣಿ

ನಗರ ನೈರ್ಮಲ್ಯದ ಪಾಠದಲ್ಲಿ ಬರುವ ಒಳಚರಂಡಿ ತಪಾಸಣೆಯ ಭಾಗವನ್ನು ಹೆಚ್ಚಿನವರು ಯಂತ್ರಗಳ ಪಟ್ಟಿಯಂತೆ ಓದಿ ಮುಗಿಸುತ್ತಾರೆ. ಕೊಳವೆಯೊಳಗೆ ಕ್ಯಾಮೆರಾ ಓಡಿಸುವ ವಿದ್ಯೆ ಹಳೆಯದೇ. ಕೊಳವೆಯ ಸ್ಥಿತಿಯನ್ನು ವರ್ಗೀಕರಿಸುವ ಕೈಪಿಡಿಯನ್ನು ಬ್ರಿಟನ್ನಿನ ಜಲ ಸಂಶೋಧನಾ ಕೇಂದ್ರವು 1980ರಲ್ಲಿಯೇ ಹೊರತಂದಿತು. ಅದರ ಬುನಾದಿಯ ಮೇಲೆ ಅಮೆರಿಕದ ನ್ಯಾಸ್ಕೊ ಸಂಸ್ಥೆಯು ಪಿಎಸಿಪಿ ಎಂಬ ಸಂಕೇತ ಪದ್ಧತಿಯನ್ನು ರೂಪಿಸಿತು, ಐರೋಪ್ಯ ದೇಶಗಳು ಇಎನ್ 13508-2 ಎಂಬ ಮಾನಕವನ್ನು ಒಪ್ಪಿಕೊಂಡವು. ನನ್ನ ದೃಷ್ಟಿಯಲ್ಲಿ ನಾವು ಗಮನವಿಟ್ಟು ಕಲಿಯಬೇಕಾದದ್ದು, ಕ್ಯಾಮೆರಾ ಕಂಡದ್ದನ್ನು ಒಂದು ಗಟ್ಟಿ ವಿಳಾಸದೊಡನೆ, ಸಂಬಂಧಪಟ್ಟವರೆಲ್ಲ ತೆರೆದು ನೋಡಬಲ್ಲ ಕಡೆ ಇಡುವ ಕ್ರಮವನ್ನು.

ನಮ್ಮ ಮಣ್ಣು

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು ಹೆಚ್ಚು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದ, ಗದಗದ ಕಡೆ ಹೋದಂತೆ ಕಪ್ಪು ಮಣ್ಣಿನ ಎರೆಭೂಮಿ ಹರಡಿಕೊಂಡಿದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಗಿಡ್ಡ ಅಳತೆಯ, ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಕೊಳವೆಗಳನ್ನು ಸಿಮೆಂಟ್ ಗಾರೆಯಿಂದ ಜೋಡಿಸಿದ ಹಳೆಯ ಲೈನುಗಳಲ್ಲಿ ಜಾಯಿಂಟುಗಳ ಸಂಖ್ಯೆ ಹೆಚ್ಚು, ಅವುಗಳಿಗೆ ಬಾಗುವ ಗುಣವಿಲ್ಲ. ಆದುದರಿಂದ ಮಣ್ಣಿನ ಈ ಏರಿಳಿತವು ಮೊದಲು ತಟ್ಟುವುದು ಜಾಯಿಂಟಿಗೇ. ಮಳೆಗಾಲದಲ್ಲಿ ಸಡಿಲ ಜಾಯಿಂಟಿನಿಂದ ನೆಲದ ನೀರು ಒಳಕ್ಕೆ ಸೋರಿದರೆ, ಬೇಸಿಗೆಯಲ್ಲಿ ಅದೇ ಜಾಗದಿಂದ ಕೊಳಚೆ ಹೊರಕ್ಕೆ ಸೋರುತ್ತದೆ. ಅಕ್ಕಪಕ್ಕದಲ್ಲಿಯೇ ಕುಡಿಯುವ ನೀರಿನ ಕೊಳವೆ ಇದ್ದು, ಅದರಲ್ಲಿ ನೀರು ಹಲವು ದಿನಗಳಿಗೊಮ್ಮೆ ಮಾತ್ರ ಹರಿಯುವುದಾದರೆ, ಒತ್ತಡವಿಲ್ಲದ ಹೊತ್ತಿನಲ್ಲಿ ಹೊರಗಿನ ಕೊಳಕು ಅದರ ಬಿರುಕಿನ ಮೂಲಕ ಒಳಸೇರಬಹುದು. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಲಯಗಳಲ್ಲಿ ಆರಂಭವಾದ ದಿನದ 24 ಗಂಟೆಯ ನೀರು ಸರಬರಾಜಿನ ಪ್ರಯೋಗವನ್ನು ಓದುವಾಗ ಈ ಅಂಶವನ್ನೂ ಜೊತೆಗಿಟ್ಟುಕೊಳ್ಳಬೇಕು. ತಪಾಸಣೆ ನಡೆದ ತಿಂಗಳು ದಾಖಲೆಯಲ್ಲಿ ಇರಲೇಬೇಕೆನ್ನುವುದು ಮಣ್ಣಿನ ಈ ಏರಿಳಿತದ ಕಾರಣಕ್ಕೇ: ಮೇ ತಿಂಗಳಲ್ಲಿ ಒಣಗಿ ಕಂಡ ಜಾಯಿಂಟು ಆಗಸ್ಟಿನಲ್ಲಿ ನೀರು ಚಿಮ್ಮಿಸುತ್ತಿರಬಹುದು.

ಕ್ಯಾಮೆರಾ ಇಳಿಸುವ ಕ್ರಮ

ಮೊದಲು ಚೇಂಬರಿನ (ಮ್ಯಾನ್‌ಹೋಲಿನ) ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ವಿಷಾನಿಲದ ಅಳತೆ ನೋಡಬೇಕು. ಬಳಿಕ ಒತ್ತಡದ ನೀರು ಚಿಮ್ಮಿಸುವ ಜೆಟ್ಟಿಂಗ್ ಮಷೀನಿನಿಂದ ಹೂಳು ಮತ್ತು ಜಿಡ್ಡನ್ನು ತೊಳೆದು, ಮೇಲಿನ ಚೇಂಬರಿನಲ್ಲಿ ಹರಿವನ್ನು ತಡೆದು, ಚಕ್ರದ ಮೇಲೆ ಸಾಗುವ ಕ್ಯಾಮೆರಾವನ್ನು ಹಗ್ಗದಿಂದ ಇಳಿಸುತ್ತಾರೆ. ಕೇಬಲ್ ಸುತ್ತಿದ ಡ್ರಮ್ಮಿನಲ್ಲಿ ದೂರದ ಮಾಪಕವಿರುತ್ತದೆ. ಅದರ ಸೊನ್ನೆ ಎಲ್ಲಿಂದ ಆರಂಭ ಎಂಬುದೇ ಇಲ್ಲಿನ ಸೂಕ್ಷ್ಮ. ಕೆಲವರು ಚೇಂಬರಿನ ನಡುವಿನಿಂದ ಎಣಿಸುತ್ತಾರೆ, ಕೆಲವರು ಕೊಳವೆಯ ಬಾಯಿಯಿಂದ. ಎರಡರ ನಡುವೆ ಅರ್ಧ ಮೀಟರಿನಷ್ಟು ವ್ಯತ್ಯಾಸ ಬಂದರೆ, ರಸ್ತೆ ಅಗೆಯುವ ತಂಡವು ಒಡೆದ ಜಾಯಿಂಟಿನ ಪಕ್ಕದ ಗಟ್ಟಿ ಜಾಯಿಂಟನ್ನು ತೆರೆದೀತು. ಕೇಬಲ್ ಸಡಿಲಾಗಿದ್ದರೂ ಅಳತೆ ತಪ್ಪುತ್ತದೆ. ಕ್ಯಾಮೆರಾ ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಹೋಗಬಾರದು ಎಂಬುದು ಅಮೆರಿಕದ ಗುತ್ತಿಗೆಗಳಲ್ಲಿ ರೂಢಿಯಲ್ಲಿರುವ ಮಿತಿ. ಅವಸರದಲ್ಲಿ ಓಡಿಸಿದ ವಿಡಿಯೊದಲ್ಲಿ ಕೂದಲೆಳೆಯ ಬಿರುಕು ಕಾಣುವುದೇ ಇಲ್ಲ.

ಸುತ್ತಳತೆಯಲ್ಲಿನ ಜಾಗವನ್ನು ಗಡಿಯಾರದ ಅಂಕಿಗಳಿಂದ ಗುರುತಿಸುತ್ತಾರೆ: 12 ಎಂದರೆ ಕೊಳವೆಯ ನೆತ್ತಿ, 6 ಎಂದರೆ ತಳ. ಉದಾಹರಣೆಗೆಂದು ನಾನೇ ಕಲ್ಪಿಸಿದ ಒಂದು ನಮೂದು ಹೀಗಿದೆ: ಹರಿವಿನ ದಿಕ್ಕಿನಲ್ಲಿ, 8.4 ಮೀಟರಿನಲ್ಲಿ, 3ರ ಜಾಗದಲ್ಲಿ ಮನೆಯ ಸಂಪರ್ಕ ಕೊಳವೆ ಒಳಕ್ಕೆ ಚಾಚಿಕೊಂಡಿದೆ, 14.2 ಮೀಟರಿನಿಂದ 17 ಮೀಟರಿನವರೆಗೆ 11ರಿಂದ 1ರ ನಡುವೆ ಕಾಂಕ್ರೀಟಿನ ಮೇಲ್ಪದರ ತಿಂದುಹೋಗಿ ಜಲ್ಲಿ ಕಾಣುತ್ತಿದೆ, 22.6 ಮೀಟರಿನಲ್ಲಿ ಜಾಯಿಂಟು ಸರಿದಿದೆ. ಎರಡನೆಯ ಸಾಲಿನ ಕಾರಣವನ್ನು ಪರೀಕ್ಷೆಯಲ್ಲಿ ಕೇಳಬಹುದು. ನಿಂತ ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ನೆತ್ತಿಯ ತೇವದಲ್ಲಿರುವ ಬ್ಯಾಕ್ಟೀರಿಯಾಗಳು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲವು ಸಿಮೆಂಟನ್ನು ತಿನ್ನುತ್ತದೆ. ನೀರಿನ ಮಟ್ಟಕ್ಕಿಂತ ಮೇಲೆಯೇ ಕೊಳವೆ ಮೊದಲು ಸವೆಯುವುದು ಆದ್ದರಿಂದ.

ಪಿಎಸಿಪಿಯಲ್ಲಿ ಪ್ರತಿ ದೋಷಕ್ಕೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ, 5 ಅತಿ ಕೆಟ್ಟದ್ದು. ಬಿರುಕು, ಕುಸಿತಗಳಂತಹ ರಚನೆಯ ದೋಷಗಳನ್ನು ಹೂಳು, ಬೇರುಗಳಂತಹ ನಿರ್ವಹಣೆಯ ದೋಷಗಳಿಂದ ಬೇರೆಯಾಗಿ ಎಣಿಸಬೇಕು. "ಸಾಹೇಬ್ರ, ಚೇಂಬರ್ ಕಟ್ಟೇತಿ" ಎಂಬ ದೂರಿಗೆ ಈ ಎರಡರಲ್ಲಿ ಯಾವುದು ಕಾರಣವೆಂದು ತಿಳಿಯದೆ ಪ್ರತಿ ಸಲ ಜೆಟ್ಟಿಂಗ್ ಮಷೀನನ್ನೇ ಕಳಿಸಿದರೆ, ಸರಿದ ಜಾಯಿಂಟಿನಲ್ಲಿ ಹೂಳು ಮತ್ತೆ ಸೇರುತ್ತಲೇ ಇರುತ್ತದೆ.

ವಿಳಾಸ ಮತ್ತು ಹಂಚಿಕೆ

ಹೊಲಕ್ಕೆ ಸರ್ವೆ ನಂಬರ್ ಇರುವಂತೆ ಪ್ರತಿ ಚೇಂಬರಿಗೂ ಬದಲಾಗದ ಒಂದು ಸಂಖ್ಯೆ ಬೇಕು. ಮನುಷ್ಯರು ಒಳಹೋಗಲಾಗದ ಸಣ್ಣ ಕೊಳವೆಗಳಲ್ಲಿ ಚೇಂಬರುಗಳ ಅಂತರ 30 ಮೀಟರ್ ಮೀರಬಾರದೆಂಬ ನಿಯಮವಿರುವುದರಿಂದ ಒಂದೇ ಓಣಿಯಲ್ಲಿ ಹಲವಾರು ಚೇಂಬರುಗಳಿರುತ್ತವೆ. "ಬಸವಣ್ಣನ ಗುಡಿಯ ಹಿಂದಿನ ಚೇಂಬರ್" ಎಂಬ ಗುರುತು ಆ ಓಣಿಯ ಕೆಲಸಗಾರರಿಗೆ ಸಾಕು, ಮುಂದಿನ ಗುತ್ತಿಗೆದಾರನಿಗೆ ಸಾಲದು. ಡಾಂಬರಿನಡಿ ಹೂತುಹೋದ ಚೇಂಬರುಗಳಿಗೂ ಸಂಖ್ಯೆ ಕೊಟ್ಟು, ಅವು ಕಾಣುತ್ತಿಲ್ಲವೆಂದು ನಮೂದಿಸಬೇಕು. ಚೇಂಬರಿನ ಸಂಖ್ಯೆ, ಹರಿವಿನ ದಿಕ್ಕು, ಕೊಳವೆಯ ವ್ಯಾಸ, ದಿನಾಂಕ ಇವಿಷ್ಟಾದರೂ ಇಲ್ಲದ ವಿಡಿಯೊ ಎಷ್ಟೇ ಸ್ಪಷ್ಟವಾಗಿದ್ದರೂ ಪೆನ್‌ಡ್ರೈವಿನಲ್ಲಿಯೇ ಉಳಿಯುತ್ತದೆ.

ಸಂಕೇತಗಳ ಪಟ್ಟಿಯ ಜೊತೆಗೆ ಮೂಲ ವಿಡಿಯೊವನ್ನೂ ಉಳಿಸಬೇಕು. ಒಂದೇ ಬಿರುಕಿಗೆ ಒಬ್ಬರು 3ನೇ ದರ್ಜೆ ಕೊಟ್ಟರೆ ಮತ್ತೊಬ್ಬರು 4 ಕೊಡುವುದು ಸಹಜ. ಚಿತ್ರ ಕೈಯಲ್ಲಿದ್ದರೆ ಎಂಜಿನಿಯರು ಕಚೇರಿಯಲ್ಲಿ ಕುಳಿತು ಮತ್ತೊಮ್ಮೆ ನಿರ್ಣಯಿಸಬಹುದು, ಬಿಲ್ಲಿನ ತಕರಾರೂ ಅಲ್ಲಿಯೇ ಬಗೆಹರಿಯುತ್ತದೆ. ಹೊಸ ಲೈನಿನ ವಿಡಿಯೊವನ್ನು ರಸ್ತೆಗೆ ಡಾಂಬರು ಬೀಳುವ ಮೊದಲೇ ಪಡೆದುಕೊಳ್ಳುವುದು ಒಳಿತು.

ರಸ್ತೆ ಅಗೆಯುವ ಇತರರಿಗೂ ಈ ದಾಖಲೆ ಬೇಕು. ಅಗೆಯುವ ಮುನ್ನ ನೆಲದಡಿಯ ಆಸ್ತಿಯ ಒಡೆಯರಿಗೆ ತಿಳಿಸಲೆಂದು ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪನ್ನು ಬಿಡುಗಡೆ ಮಾಡಿತು. ಆದರೆ ಒಡೆಯರ ಬಳಿಯೇ ಸರಿಯಾದ ದಾಖಲೆ ಇಲ್ಲದಿದ್ದರೆ ಅಂತಹ ಸೂಚನೆಗೆ ಉತ್ತರ ಕೊಡುವುದು ಕಷ್ಟ. ನೆಲ ಭೇದಿಸುವ ರೇಡಾರ್ ಇದೆಯಲ್ಲ ಎನ್ನಬಹುದು. ಜೇಡಿ ಅಂಶ ಹೆಚ್ಚಿರುವ ಒದ್ದೆ ಮಣ್ಣು ರೇಡಾರಿನ ಅಲೆಗಳನ್ನು ಬಹುಬೇಗ ಹೀರಿಕೊಳ್ಳುವುದರಿಂದ, ಎರೆಭೂಮಿಯಲ್ಲಿ ಆಳದ ಕೊಳವೆಗಳು ಅದಕ್ಕೆ ಕಾಣದೇ ಹೋಗುವ ಸಂಭವ ಹೆಚ್ಚು.

ಕಾನೂನಿನ ಭಾಗ ಚಿಕ್ಕದು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯು ರಕ್ಷಣಾ ಸಲಕರಣೆಗಳಿಲ್ಲದೆ ಮನುಷ್ಯರನ್ನು ಒಳಚರಂಡಿಯ ಅಪಾಯಕಾರಿ ಸ್ವಚ್ಛತೆಗೆ ಇಳಿಸುವುದನ್ನು ನಿಷೇಧಿಸಿದೆ. ಅಲ್ಲಿ ಸಂಭವಿಸುವ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಕೋಲಿನ ತುದಿಗೆ ಕಟ್ಟಿದ ಜೂಮ್ ಕ್ಯಾಮೆರಾವನ್ನು ಚೇಂಬರಿನೊಳಗೆ ಇಳಿಬಿಟ್ಟರೆ, ಯಾರೂ ಒಳಗೆ ಕಾಲಿಡದೆ ಎರಡೂ ಬದಿಯ ಕೊಳವೆಯ ಮೊದಲ ಕೆಲವು ಮೀಟರುಗಳು ಕಾಣುತ್ತವೆ. ಯಾವ ಲೈನಿಗೆ ಚಕ್ರದ ಕ್ಯಾಮೆರಾ ಮೊದಲು ಕಳಿಸಬೇಕೆಂದು ಆರಿಸಲು ಅಷ್ಟು ನೋಟ ಸಾಕಾಗುತ್ತದೆ.