ಫಿಲ್ಟರ್ ಕೊನೆಗೆ ಒತ್ತಿ

ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ತೆರೆದು, ಹುಡುಕುವ ಜಾಗದಲ್ಲಿ ಎಎಸ್‌ವಿ ಎಂಬ ಮೂರು ಇಂಗ್ಲಿಷ್ ಅಕ್ಷರ ಹಾಕಿ ನೋಡಿ. ದಾವಣಗೆರೆಯ ಯಾವ ಮೆಡಿಸಿನ್ ವಾರ್ಡಿನಲ್ಲಿ ಕೇಳಿದರೂ ಎಎಸ್‌ವಿ ಅಂದರೆ ಹಾವು ಕಚ್ಚಿದವರಿಗೆ ಕೊಡುವ ಆಂಟಿ ಸ್ನೇಕ್ ವೆನಮ್. ಭದ್ರಾ ನಾಲೆಯ ಗದ್ದೆಯಿಂದಲೋ ಮೆಕ್ಕೆಜೋಳದ ಹೊಲದಿಂದಲೋ ಬಂದ ರೈತನಿಗೆ ಎಷ್ಟು ವಯಲ್ ಹೋಯಿತು ಎಂಬ ಲೆಕ್ಕ ಕೇಸ್ ಶೀಟಿನಲ್ಲಿ ಅದೇ ಹೆಸರಲ್ಲಿರುತ್ತದೆ. ಪಬ್‌ಮೆಡ್‌ಗೆ ಹಾಗಲ್ಲ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ ಹಾಕುವ ಒಂದು ಬಗೆಯ ವೆಂಟಿಲೇಟರೂ ಅಲ್ಲಿ ಎಎಸ್‌ವಿ. ಕರುಳಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಓದುವವರು ಎಣಿಸುವ ಆಂಪ್ಲಿಕಾನ್ ಸೀಕ್ವೆನ್ಸ್ ವೇರಿಯಂಟೂ ಎಎಸ್‌ವಿ. ಹಾವು ಹುಡುಕಲು ಹೋದವರ ಮುಂದೆ ಕರುಳಿನ ಬ್ಯಾಕ್ಟೀರಿಯಾ ಬಂದು ಕೂರುತ್ತದೆ.

ಇಲ್ಲಿನ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೂರುವ ನನಗೆ, ಪೀಜಿಗಳು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳು, ಥೀಸಿಸ್‌ನ ಸಿನಾಪ್ಸಿಸ್ ಕೊಡುವ ತಿಂಗಳುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸರ್, ಸಾವಿರಗಟ್ಟಲೆ ಬರ್ತಿವೆ, ಕಡಿಮೆ ಮಾಡೋದು ಹೇಗೆ?" ಕೇಳುವ ಹೊತ್ತಿಗೆ ಅವರ ಕೈ ಪರದೆಯ ಎಡಬದಿಯ ಫಿಲ್ಟರ್‌ಗಳಿಗೆ ಹೋಗಿಬಿಟ್ಟಿರುತ್ತದೆ. ಫ್ರೀ ಫುಲ್ ಟೆಕ್ಸ್ಟ್ ಒಂದು ಟಿಕ್, ಐದು ವರ್ಷ ಒಂದು ಟಿಕ್, ಹ್ಯೂಮನ್ಸ್ ಒಂದು ಟಿಕ್. ಸಂಖ್ಯೆ ಸರ್ರನೆ ಇಳಿಯುತ್ತದೆ, ಮುಖ ಅರಳುತ್ತದೆ. ಆದರೆ ಉಳಿದ ಪಟ್ಟಿಯಲ್ಲಿ ಅದೇ ವೆಂಟಿಲೇಟರ್, ಅದೇ ಬ್ಯಾಕ್ಟೀರಿಯಾ. ಬೇಕಾಗಿದ್ದ ಹಾವಿನ ಲೇಖನಗಳಲ್ಲೇ ಅರ್ಧ ಹೊರಗೆ ಹೋಗಿರುತ್ತವೆ. ಕಾಳು ಯಾವುದು ಅಂತ ಗೊತ್ತಿಲ್ಲದೆ ಜರಡಿ ಹಿಡಿದ ಹಾಗೆ.

ಹಾಗಾಗಿ ನಾನು ಮೊದಲು ಮೌಸ್ ಬಿಡಿಸಿ ಪೆನ್ನು ಕೊಡುತ್ತೇನೆ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಲಿ. "ಕೊಳಕುಮಂಡಲ ಕಚ್ಚಿದ ದೊಡ್ಡವರಿಗೆ ಎಎಸ್‌ವಿ ಕಡಿಮೆ ಡೋಸ್ ಕೊಟ್ಟರೆ, ಜಾಸ್ತಿ ಡೋಸ್ ಕೊಟ್ಟವರಿಗಿಂತ ಕಿಡ್ನಿ ತೊಂದರೆ ಹೆಚ್ಚಾಗುತ್ತದೆಯೇ?" ಇಷ್ಟು ಬರೆದರೆ ಸಾಕು. ಇದರಲ್ಲಿ ಯಾರಿಗೆ, ಏನು ಕೊಟ್ಟರು, ಯಾವುದಕ್ಕೆ ಹೋಲಿಸಿದರು, ಏನಾಯಿತು ಎಂಬ ನಾಲ್ಕು ತುಂಡುಗಳಿವೆ. ಹುಡುಕುವಾಗ ನಾಲ್ಕನ್ನೂ ಹಾಕಬೇಡಿ. ಮೊದಲ ಎರಡು ಸಾಕು: ಹಾವು ಕಡಿತ ಮತ್ತು ವಿಷದ ಮದ್ದು. ಕಿಡ್ನಿ ಎಂದು ಸೇರಿಸಿದ ಕೂಡಲೇ ಪಟ್ಟಿ ಚಿಕ್ಕದಾಗುತ್ತದೆ ನಿಜ. ಆದರೆ ಎಷ್ಟೋ ಟ್ರಯಲ್‌ಗಳಲ್ಲಿ ಕಿಡ್ನಿ ವಿಷಯ ಒಳಗಿನ ಟೇಬಲ್ಲಿನಲ್ಲಿರುತ್ತದೆ, ಮೇಲಿನ ಸಾರಾಂಶದಲ್ಲಿ, ಅಂದರೆ ಅಬ್‌ಸ್ಟ್ರಾಕ್ಟಿನಲ್ಲಿ, ಇರುವುದಿಲ್ಲ. ಪಬ್‌ಮೆಡ್ ಹುಡುಕುವುದು ಶೀರ್ಷಿಕೆ, ಅಬ್‌ಸ್ಟ್ರಾಕ್ಟ್, ವಿಷಯಪದ, ವಿಳಾಸ ಇಂಥವುಗಳಲ್ಲಿ. ಇಡೀ ಲೇಖನವನ್ನು ಅದು ಓದುವುದಿಲ್ಲ. ಇದು ಗೊತ್ತಿಲ್ಲದವರು ಬಹಳ ಜನ.

ಈಗ ವಿಷಯಪದ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಿಂದ ಮೆಶ್ ಎಂಬ ಪದಪಟ್ಟಿ ಇಟ್ಟುಕೊಂಡಿದೆ. ಲೇಖಕ ಆಂಟಿವೆನಮ್ ಎನ್ನಲಿ, ಆಂಟಿವೆನಿನ್ ಎನ್ನಲಿ, ನಮ್ಮ ಹಾಗೆ ಆಂಟಿ ಸ್ನೇಕ್ ವೆನಮ್ ಎನ್ನಲಿ, ಆ ಲೇಖನಕ್ಕೆ ಆಂಟಿವೆನಿನ್ಸ್ ಎಂಬ ಒಂದೇ ಚೀಟಿ ಅಂಟುತ್ತದೆ. ಹಾವು ಕಡಿತಕ್ಕೆ ಸ್ನೇಕ್ ಬೈಟ್ಸ್ ಎಂಬ ಚೀಟಿ. ಈ ಎರಡು ಚೀಟಿಗಳನ್ನು ದೊಡ್ಡಕ್ಷರದ ಆಂಡ್ ಹಾಕಿ ಸೇರಿಸಿದರೆ ವೆಂಟಿಲೇಟರೂ ಇಲ್ಲ, ಬ್ಯಾಕ್ಟೀರಿಯಾವೂ ಇಲ್ಲ. ಒಂದು ಫಿಲ್ಟರನ್ನೂ ಮುಟ್ಟದೆ ಕಸ ಹೋಯಿತು. ಇನ್ನೂ ಬಿಗಿ ಬೇಕಾದರೆ ಲೇಖನದ ಮುಖ್ಯ ವಿಷಯವೇ ಅದಾಗಿರಬೇಕು ಎಂಬ ಮೇಜರ್ ಟಾಪಿಕ್ ಆಯ್ಕೆ ಇದೆ. ಚಿಕಿತ್ಸೆ, ರೋಗಪತ್ತೆ, ಅಡ್ಡಪರಿಣಾಮ ಎಂಬ ಉಪಪದಗಳೂ ಇವೆ.

ಮೆಶ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಸುಮ್ನೆ ಸ್ನೇಕ್ ಬೈಟ್ ಎಂದು ಟೈಪ್ ಮಾಡಿದರೂ ಪಬ್‌ಮೆಡ್ ತಾನೇ ಅದನ್ನು ಮೆಶ್ ಪದಕ್ಕೆ ಜೋಡಿಸಿಕೊಳ್ಳುತ್ತದೆ. ಏನು ಜೋಡಿಸಿತು ಎಂದು ನೋಡಬೇಕಾದರೆ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಹಿಸ್ಟರಿಯಲ್ಲಿ ಡೀಟೇಲ್ಸ್ ಬಿಚ್ಚಿ. ನನ್ನ ಪ್ರಕಾರ ಇಡೀ ಪಬ್‌ಮೆಡ್‌ನಲ್ಲಿ ಅತ್ಯಂತ ಉಪಯೋಗದ, ಅತ್ಯಂತ ಕಡಿಮೆ ಜನ ನೋಡುವ ಜಾಗ ಅದು. ಗೂಗಲ್ ಅಭ್ಯಾಸದಲ್ಲಿ ಪದಗಳಿಗೆ ಕೊಟೇಶನ್ ಗುರುತು ಹಾಕಿದರೆ ಈ ಜೋಡಣೆ ನಿಂತುಹೋಗುತ್ತದೆ. ಪದದ ಕೊನೆಗೆ ನಕ್ಷತ್ರ ಹಾಕಿದರೂ ಅಷ್ಟೇ. ಆಗ ನೀವು ಬರೆದ ಅಕ್ಷರ ಮಾತ್ರ ಹುಡುಕುತ್ತದೆ. ಹಾಗಂತ ಮೆಶ್ ಒಂದನ್ನೇ ನಂಬಿ ಕೂರುವುದೂ ಸರಿಯಲ್ಲ. ಕೊಳಕುಮಂಡಲವನ್ನು ಹಳೆಯ ಲೇಖನಗಳು ವೈಪೆರಾ ರಸೆಲಿ ಎನ್ನುತ್ತವೆ, ಹೊಸವು ಡಬೋಯಾ ರಸೆಲಿ ಎನ್ನುತ್ತವೆ. ಇಂಥ ಹೆಸರುಗಳನ್ನು ಆರ್ ಹಾಕಿ, ಶೀರ್ಷಿಕೆ ಮತ್ತು ಅಬ್‌ಸ್ಟ್ರಾಕ್ಟ್ ಮಾತ್ರ ನೋಡು ಎಂಬ ಗುರುತಿನೊಂದಿಗೆ ಸೇರಿಸಬೇಕು. ಆರ್ ಹಾಕಿದ ಗುಂಪಿಗೆ ಆವರಣ ಮರೆಯಬೇಡಿ. ಪಬ್‌ಮೆಡ್ ಎಡದಿಂದ ಬಲಕ್ಕೆ ಲೆಕ್ಕ ಮಾಡಿಕೊಂಡು ಹೋಗುತ್ತದೆ, ನಿಮ್ಮ ಮನಸ್ಸಿನಲ್ಲಿರುವ ಗುಂಪು ಅದಕ್ಕೆ ಗೊತ್ತಾಗಲ್ಲ.

ಇಷ್ಟಾದ ಮೇಲೆ ಫಿಲ್ಟರ್.

ಹ್ಯೂಮನ್ಸ್ ಫಿಲ್ಟರ್ ನೋಡಲು ತುಂಬಾ ಪಾಪದ್ದು. ಹಾವಿನ ವಿಷದ ಮದ್ದನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಾರೆ, ಆ ಲೇಖನಗಳು ನಮಗೆ ಬೇಡ, ಹಾಗಾಗಿ ಟಿಕ್ ಮಾಡೋಣ ಅನ್ನಿಸುತ್ತದೆ. ಆದರೆ ಅದು ಕೆಲಸ ಮಾಡುವುದು ಮೆಶ್ ಚೀಟಿ ನೋಡಿ. ಚೀಟಿಯೇ ಇಲ್ಲದ ಲೇಖನ, ಪೂರ್ತಿ ಮನುಷ್ಯರ ಬಗ್ಗೆಯೇ ಇದ್ದರೂ, ಹೊರಗೆ ಹೋಗುತ್ತದೆ. ವಯಸ್ಸು, ಗಂಡು ಹೆಣ್ಣು ಎಂಬ ಫಿಲ್ಟರ್‌ಗಳೂ ಹೀಗೇ. 2022ರಿಂದ ಮೆಡ್‌ಲೈನ್ (ಅದೇ ಅಮೆರಿಕದ ಲೈಬ್ರರಿ ಆರಿಸಿದ ಪತ್ರಿಕೆಗಳ ಪಟ್ಟಿ) ಲೇಖನಗಳಿಗೆ ಚೀಟಿ ಅಂಟಿಸುವ ಕೆಲಸವನ್ನು ಯಂತ್ರವೇ ಮಾಡುತ್ತಿದೆ, ಹಾಗಾಗಿ ಮುಂಚಿನಷ್ಟು ತಡವಿಲ್ಲ. ಆದರೆ ಪಬ್‌ಮೆಡ್ ಬೇರೆ, ಮೆಡ್‌ಲೈನ್ ಬೇರೆ. ಮೆಡ್‌ಲೈನ್ ಪಟ್ಟಿಯಲ್ಲಿಲ್ಲದೆ, ಪಿಎಂಸಿ ಎಂಬ ಪೂರ್ಣಪಠ್ಯ ಸಂಗ್ರಹದ ಮೂಲಕ ಪಬ್‌ಮೆಡ್‌ಗೆ ಬರುವ ಪತ್ರಿಕೆಗಳಿವೆ. ಅವಕ್ಕೆ ಮೆಶ್ ಚೀಟಿ ಸಿಗುವುದೇ ಇಲ್ಲ. ನಮ್ಮ ದೇಶದ ಅನೇಕ ಪತ್ರಿಕೆಗಳು ಈ ಗುಂಪಿನವು. ನಮ್ಮ ಹಾವು, ನಮ್ಮ ರೋಗಿ, ನಮ್ಮ ಮದ್ದಿನ ಬಗ್ಗೆ ಬರೆದ ಲೇಖನ ಒಂದು ಟಿಕ್‌ನಲ್ಲಿ ಮಾಯ. ಪ್ರಾಣಿ ಅಧ್ಯಯನ ತೆಗೆಯಲೇಬೇಕಿದ್ದರೆ ಬೇರೆ ದಾರಿಯಿದೆ. ಪ್ರಾಣಿ ಎಂಬ ಚೀಟಿ ಇದ್ದು ಮನುಷ್ಯ ಎಂಬ ಚೀಟಿ ಇಲ್ಲದವುಗಳನ್ನು ಮಾತ್ರ ನಾಟ್ ಹಾಕಿ ಬಿಡುವುದು. ಆಗ ಚೀಟಿಯೇ ಇಲ್ಲದವು ಉಳಿಯುತ್ತವೆ. ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗುವ ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರು ಬಳಸುವ ರೂಢಿ ಇದು.

ಐದು ವರ್ಷದ ಫಿಲ್ಟರ್ ಬಗ್ಗೆ ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ: "ಗೈಡ್ ಲೇಟೆಸ್ಟ್ ಇರ್ಬೇಕು ಅಂದ್ರು." ಎಎಸ್‌ವಿ ಡೋಸ್ ವಿಷಯದಲ್ಲಿ ಇದು ದೊಡ್ಡ ಏಟು. ನಮ್ಮ ದೇಶದಲ್ಲೇ ನಡೆದ ಡೋಸ್ ಟ್ರಯಲ್‌ಗಳು 1980ರ, 1990ರ ದಶಕದಲ್ಲೂ ಇವೆ. ಅವುಗಳನ್ನು ಬಿಟ್ಟು ಬರೆದ ರಿವ್ಯೂ ಆಫ್ ಲಿಟರೇಚರ್ ಏನು ರಿವ್ಯೂ? ವರ್ಷ ಹಾಕಲು ಕಾರಣ ಬೇಕು. ಮದ್ದೇ 2015ರಲ್ಲಿ ಬಂದದ್ದಾದರೆ ಅಲ್ಲಿಂದ ಹುಡುಕಿ. ಯಾರೋ ಒಳ್ಳೆಯ ಸಿಸ್ಟಮ್ಯಾಟಿಕ್ ರಿವ್ಯೂ ಮಾಡಿ, ಇಂಥ ತಿಂಗಳವರೆಗೆ ಹುಡುಕಿದ್ದೇವೆ ಎಂದಿದ್ದರೆ ಅದರ ಮುಂದಿನ ದಿನದಿಂದ ಹುಡುಕಿ. ಅದು ನ್ಯಾಯವಾದ ಗೆರೆ.

ಫ್ರೀ ಫುಲ್ ಟೆಕ್ಸ್ಟ್ ಫಿಲ್ಟರಿನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಅದು ವಿಷಯದ ಮೇಲೆ ಆರಿಸುವುದಿಲ್ಲ, ದುಡ್ಡಿನ ಮೇಲೆ ಆರಿಸುತ್ತದೆ. ಲೇಖನ ಓದಲು ಸಿಗುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆ ಹೆಲಿನೆಟ್ ಎಂಬ ಡಿಜಿಟಲ್ ಲೈಬ್ರರಿ ಇದೆ. ಚಂದಾ ಕಟ್ಟಬೇಕಾದ ಎಷ್ಟೋ ಪತ್ರಿಕೆಗಳು ಅಲ್ಲಿ ಸಿಗುತ್ತವೆ. ಲೇಖಕರಿಗೆ ನೇರವಾಗಿ ಇಮೇಲ್ ಬರೆದರೆ ಖುಷಿಯಿಂದ ಕಳಿಸುವವರೂ ಇದ್ದಾರೆ. ಅದೂ ಆಗದಿದ್ದರೆ ಲೈಬ್ರರಿಯವರನ್ನು ಕೇಳಿ, ನಾವು ಇರುವುದೇ ಅದಕ್ಕೆ.

ಲೇಖನದ ಬಗೆ ಆರಿಸುವ ಫಿಲ್ಟರ್‌ಗಳು ಇವುಗಳಿಗಿಂತ ವಾಸಿ, ಆದರೂ ಎಲ್ಲ ಒಂದೇ ಅಲ್ಲ. ರ‍್ಯಾಂಡಮೈಸ್ಡ್ ಟ್ರಯಲ್ ಫಿಲ್ಟರ್ ಲೇಖನಕ್ಕೆ ಆ ಹಣೆಪಟ್ಟಿ ಕಟ್ಟಿದ್ದರೆ ಮಾತ್ರ ಹಿಡಿಯುತ್ತದೆ. ಸಿಸ್ಟಮ್ಯಾಟಿಕ್ ರಿವ್ಯೂ ಫಿಲ್ಟರ್ ಶೀರ್ಷಿಕೆಯ ಪದಗಳನ್ನೂ ನೋಡುವುದರಿಂದ ಹೊಸ ಲೇಖನಗಳನ್ನೂ ಹಿಡಿಯುತ್ತದೆ. ಒಂದೇ ಗುಂಪಿನಲ್ಲಿ ಎರಡು ಟಿಕ್ ಮಾಡಿದರೆ ಅದು ಅಥವಾ ಇದು ಎಂದರ್ಥ, ಪಟ್ಟಿ ಹಿಗ್ಗುತ್ತದೆ. ಬೇರೆ ಬೇರೆ ಗುಂಪಿನಲ್ಲಿ ಮಾಡಿದರೆ ಅದೂ ಇದೂ ಎಂದರ್ಥ, ಕುಗ್ಗುತ್ತದೆ. ವಾರ್ಡಿನಲ್ಲಿ ರೋಗಿ ಮಲಗಿದ್ದಾನೆ, ಹತ್ತು ನಿಮಿಷ ಮಾತ್ರ ಇದೆ ಅನ್ನುವವರಿಗೆ ಕ್ಲಿನಿಕಲ್ ಕ್ವೆರೀಸ್ ಎಂಬ ಬೇರೆ ಪುಟವೇ ಇದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಕಟ್ಟಿದ ಹುಡುಕು ಸೂತ್ರಗಳು ಅದರ ಹಿಂದಿವೆ. ಥೆರಪಿ ಆರಿಸಿ, ನ್ಯಾರೋ ಎಂದು ಕೊಟ್ಟರೆ ಕೆಲವೇ ಒಳ್ಳೆಯ ಟ್ರಯಲ್ ಬರುತ್ತವೆ. ಥೀಸಿಸ್‌ಗೆ ಬ್ರಾಡ್ ಆರಿಸಿ.

ಊರಿನ ಮೇಲೆ ಆರಿಸುವುದು ಇನ್ನೊಂದು ಕತೆ. ಡೆಂಟಲ್ ಪೀಜಿಗಳು ಜಗಳೂರು, ಚಿತ್ರದುರ್ಗದ ಕಡೆಯ ಫ್ಲೋರೈಡ್ ನೀರು, ಹಲ್ಲಿನ ಫ್ಲೋರೋಸಿಸ್ ಎಂದು ಬರುತ್ತಾರೆ. ಇಂಡಿಯಾ ಎಂದು ಸೇರಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಗುರುತು ಹಾಕದೆ ಇಂಡಿಯಾ ಅಂದರೆ ಲೇಖಕರ ವಿಳಾಸದಲ್ಲಿರುವ ಇಂಡಿಯಾವೂ ಸೇರುತ್ತದೆ. ಇಲ್ಲಿ ಕೂತು ಚೀನಾದ ಅಂಕಿಅಂಶ ಬರೆದವರೂ ಬರುತ್ತಾರೆ. ಬೇರೆ ವಿಷಯಗಳಲ್ಲಾದರೆ ಲ್ಯಾಬಿನ ಇಂಡಿಯಾ ಇಂಕ್ ಕೂಡ ಬರುತ್ತದೆ! ಅಧ್ಯಯನ ನಡೆದ ಜಾಗ ಬೇಕಾದರೆ ಮೆಶ್‌ನ ಇಂಡಿಯಾ, ಜೊತೆಗೆ ಶೀರ್ಷಿಕೆ ಅಬ್‌ಸ್ಟ್ರಾಕ್ಟಿನಲ್ಲಿ ಕರ್ನಾಟಕ, ಜಿಲ್ಲೆಯ ಹೆಸರು ಎಲ್ಲ ಆರ್ ಹಾಕಿ. ನಮ್ಮೂರ ಕಾಲೇಜುಗಳಿಂದ ಏನು ಬಂದಿದೆ ನೋಡಬೇಕಾದರೆ ವಿಳಾಸದ ಗುರುತು ಬಳಸಿ, ಆದರೆ ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ನಡುವೆ ಎ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಬರೆಯಿರಿ. ಎರಡು ಬಗೆಯಲ್ಲೂ ಬರೆಯುವವರಿದ್ದಾರೆ. 2014ಕ್ಕೆ ಮುಂಚಿನ ಲೇಖನಗಳಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುತ್ತದೆ. ನಮ್ಮವರು ಎರಡನೆಯ, ಮೂರನೆಯ ಲೇಖಕರಾಗಿದ್ದರೆ ಆ ಕಾಲದ್ದು ಹೀಗೆ ಸಿಗಲ್ಲ.

ಲೈಬ್ರರಿಯ ಕಂಪ್ಯೂಟರ್ ಬಳಸುವವರಿಗೆ ಒಂದು ಮಾತು. ಒಮ್ಮೆ ಒತ್ತಿದ ಫಿಲ್ಟರ್ ನೀವು ತೆಗೆಯುವ ತನಕ ಮುಂದಿನ ಹುಡುಕಾಟಗಳಿಗೂ ಅಂಟಿಕೊಂಡಿರುತ್ತದೆ. ನಿಮಗಿಂತ ಮೊದಲು ಕೂತವರು ಮಕ್ಕಳು ಎಂದು ಒತ್ತಿ ಎದ್ದು ಹೋಗಿದ್ದರೆ, ನಿಮ್ಮ ಮುದುಕರ ಮೂಳೆ ಮುರಿತದ ಲೇಖನಗಳು ಸಿಗುವುದಾದರೂ ಹೇಗೆ? ಫಲಿತಾಂಶದ ಮೇಲೆ ಫಿಲ್ಟರ್ಸ್ ಅಪ್ಲೈಡ್ ಎಂದು ಬರೆದಿದೆಯಾ ನೋಡಿ, ಕ್ಲಿಯರ್ ಆಲ್ ಒತ್ತಿ, ಆಮೇಲೆ ಶುರು ಮಾಡಿ. ಹಿಸ್ಟರಿಯೂ ಎಂಟು ಗಂಟೆ ಸುಮ್ಮನಿದ್ದರೆ ಅಳಿಸಿಹೋಗುತ್ತದೆ. ಡ್ಯೂಟಿ ಮುಗಿಸಿ ಬಂದು ಮುಂದುವರಿಸುತ್ತೇನೆ ಅನ್ನುವ ಪೀಜಿಗೆ ಎಂಟು ಗಂಟೆ ಏನೇನೂ ಅಲ್ಲ, ಅಲ್ವಾ? ಉಚಿತ ಖಾತೆ ತೆರೆದು ಹುಡುಕು ಸಾಲನ್ನು ಸೇವ್ ಮಾಡಿಡಿ. ಹೊಸ ಲೇಖನ ಬಂದಾಗ ಇಮೇಲ್ ಮಾಡು ಎಂದೂ ಅಲ್ಲೇ ಹೇಳಬಹುದು. ಥೀಸಿಸ್‌ನ ಮೆಥಡ್ಸ್ ಭಾಗಕ್ಕೆ ಆ ಸಾಲು, ಹುಡುಕಿದ ದಿನಾಂಕ, ಬಂದ ಸಂಖ್ಯೆ, ಯಾವ ಫಿಲ್ಟರ್ ಯಾಕೆ ಎಂಬುದು ಹಾಗೇ ಇಳಿಸಿಕೊಳ್ಳಲು ಬರುತ್ತದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು "ಈ ಲೇಖನ ಯಾಕೆ ಬಿಟ್ರಿ?" ಎಂದು ಕೇಳಿದರೆ, ತೆರೆದು ತೋರಿಸಲು ಕೈಯಲ್ಲಿ ಅದು ಇರುತ್ತದೆ.